ದನಿ ಹೋದ ಮೇಲಿನ ಮಾತು

ಸಾರಕ್ಕಿಯ ಯಲ್ಲಯ್ಯನ ಗಂಟಲು ಕಟ್ಟಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಗಾದರೆ ತಳ್ಳುಗಾಡಿಗೆ ಸೊಪ್ಪು ತುಂಬಿಕೊಂಡು ಜಯನಗರದ ಬೀದಿಬೀದಿ ಕೂಗುವವನು. ಜೊತೆಗೆ ಬೀಡಿ ಬೇರೆ. ಹೆಂಡತಿ ರುದ್ರಮ್ಮ ಮೆಣಸಿನ ಕಷಾಯ ಕಾಯಿಸಿ ಕೊಟ್ಟಳು. ಮಳೆಗಾಲ ಕಳೆದು ಚಳಿ ಶುರುವಾದರೂ ದನಿ ಸರಿಹೋಗಲಿಲ್ಲ. ಉಗುಳಿನಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಓಡಿದರು.

“ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೀಲೇಬೇಕು,” ಎಂದರು ಡಾಕ್ಟರು. “ಬೇಗ ಬಂದಿದ್ರೆ ಉಳಿಸ್ಬಹುದಿತ್ತೇನೋ.”

ಆಪರೇಷನ್ ಆಗಿ ಜೀವ ಉಳಿಯಿತು. ದನಿ ಹೋಯಿತು. ಕುತ್ತಿಗೆಯ ಬುಡದಲ್ಲಿ ಒಂದು ತೂತು. ಇನ್ನು ಮೇಲೆ ಉಸಿರೆಲ್ಲ ಅದರಲ್ಲೇ. ಮನೆಗೆ ಬಂದ ಯಲ್ಲಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ನೆಂಟರು ಬಂದರೆ ಟವೆಲ್ಲು ಮುಖಕ್ಕೆ ಎಳೆದುಕೊಳ್ಳುತ್ತಿದ್ದ. ನೀರು ಬೇಕಾದರೆ ಲೋಟದಿಂದ ನೆಲ ಕುಟ್ಟುತ್ತಿದ್ದ.

ಗಾಡಿ ರುದ್ರಮ್ಮನ ಪಾಲಿಗೆ ಬಂತು. ಬೀದಿಯಲ್ಲಿ ಎಂದೂ ದನಿ ಎತ್ತಿದವಳಲ್ಲ. ಮೊದಲ ದಿನ ಬಾಯಿ ಬಿಡದೆ ಸುತ್ತಿ, ಬಾಡಿದ ಸೊಪ್ಪನ್ನು ವಾಪಸು ತಂದಳು. ಮರುದಿನ ಖಾಯಂ ಗಿರಾಕಿ ವಾರಿಜಮ್ಮ ಕಾಂಪೌಂಡಿನಿಂದ ಬಗ್ಗಿ, “ಕೂಗದೆ ಹೋದ್ರೆ ನಮಗೆ ಹೇಗಮ್ಮಾ ಗೊತ್ತಾಗತ್ತೆ?” ಎಂದರು. ರುದ್ರಮ್ಮ ಕಣ್ಣು ಮುಚ್ಚಿಕೊಂಡು ಕೂಗಿದಳು. ದನಿ ನಡುಗಿತು. ಎದುರುಮನೆಯ ಮೆಟ್ಟಿಲ ಮೇಲೆ ಕೂತಿದ್ದವರು ನಕ್ಕರು. ಆದರೂ ಕೂಗುತ್ತಾ ಹೋದಳು.

ಸಂಜೆ ಬಂದು ಒಲೆ ಹಚ್ಚಿ, ಊದಿದ ಕಾಲು ಚಾಚಿದಳೋ ಇಲ್ಲವೋ, ಲೋಟದ ಸದ್ದು. “ಬಂದೆ,” ಎಂದು ಏಳುತ್ತಿದ್ದಳು. ಎದ್ದೂ ಎದ್ದೂ ಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ್ದರು. “ನಮಸ್ಕಾರ ತಾಯಿ,” ಎಂದರು. ಆ ದನಿ ಬಾವಿಯ ತಳದಿಂದ ಬಂದಂತಿತ್ತು. ರುದ್ರಮ್ಮ ಬೆಚ್ಚಿ ಹಿಂದೆ ಸರಿದಳು.

“ಹೆದರಬೇಡಿ. ನಾನು ಪರಮಶಿವಯ್ಯ. ಇಲ್ಲೇ ಸಿದ್ದಾಪುರದವನು. ಬಸ್ ಕಂಡಕ್ಟರ್ ಆಗಿದ್ದೆ. ನನಗೂ ಅದೇ ಆಪರೇಷನ್. ಡಾಕ್ಟರು ಕಳಿಸಿದ್ರು.”

ಎರಡು ಮಾತಿಗೊಮ್ಮೆ ನಿಂತು ಗಾಳಿ ನುಂಗುತ್ತಿದ್ದರು.

“ಪೆಟ್ಟಿಗೆ ತೆಗೆದ್ಮೇಲೆ ಹೇಗಣ್ಣ ಮಾತಾಡ್ತೀರಿ?”

“ಗಾಳಿ ನುಂಗೋದು. ತೇಗಿನ ಥರ ಮೇಲಕ್ಕೆ ತರೋದು. ಅದನ್ನೇ ಮಾತು ಮಾಡೋದು. ಆಸ್ಪತ್ರೇಲಿ ಕಲಿಸ್ತಾರೆ.”

ರುದ್ರಮ್ಮನಿಗೆ ನಂಬಿಕೆ ಬರಲಿಲ್ಲ. “ಹೋದ ಗಂಟಲು ಹೋಯ್ತು, ಬಿಡಿ. ಇವರನ್ನ ಬಸ್ ಹತ್ತಿಸಿ ಓಡಾಡ್ಸೋ ಶಕ್ತಿ ನನಗೆ ಉಳಿದಿಲ್ಲ.”

“ನಾನೂ ಬೇಡ ಅಂತ ಕೂತಿದ್ದೆ ತಾಯಿ. ಕೂತಷ್ಟೂ ಮನಸ್ಸು ಭಾರ ಆಯ್ತು. ಕಡಿಮೆ ಆಗ್ಲಿಲ್ಲ. ಈಗ ಡಿಪೋದಲ್ಲಿ ಕೆಲಸ ಮಾಡ್ತೀನಿ.”

ಯಲ್ಲಯ್ಯ ಗೋಡೆಯಿಂದ ಈಚೆ ತಿರುಗಿ ಅವರನ್ನೇ ನೋಡುತ್ತಿದ್ದ. ಮುಂದಿನ ವಾರ ತಾನೇ ಶರ್ಟು ಹಾಕಿಕೊಂಡು ಆಸ್ಪತ್ರೆಗೆ ಹೊರಟ. ರುದ್ರಮ್ಮ ಜೊತೆಗೆ ಹೋದಳು.

ಕಲಿಯುವುದು ಸುಲಭವಿರಲಿಲ್ಲ. ಹೊಟ್ಟೆ ಉಬ್ಬರಿಸುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಎಷ್ಟೋ ವಾರ ಬರೀ ತೇಗು. ಆಮೇಲೆ ಒಂದು “ಪ”. ಬೇಸಿಗೆ ಬರುವ ಹೊತ್ತಿಗೆ “ಪಾಲಕ್”, “ದಂಟು”. ಒಂದು ಬೆಳಿಗ್ಗೆ ಹೆಂಡತಿಯ ಜೊತೆ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟ.

ಗೇಟಿನ ಬಳಿ ಬಂದ ಒಬ್ಬ ಹೆಂಗಸು ಅವನ ದನಿ ಕೇಳಿ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. “ಅಂಟುಜಾಡ್ಯಾನಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲು ಹಾಕಿಕೊಂಡಳು. ಯಲ್ಲಯ್ಯ ಗಾಡಿ ಅಲ್ಲೇ ಬಿಟ್ಟು ಮನೆಗೆ ನಡೆದ. ಸಂಜೆ ರುದ್ರಮ್ಮ ಬಂದಾಗ ಮತ್ತೆ ಗೋಡೆ, ಮತ್ತೆ ಲೋಟ.

ಅವಳು ಲೋಟ ಕಿತ್ತುಕೊಂಡು ಅವನೆದುರು ಕುಕ್ಕರಿಸಿದಳು. ಬಯ್ಯುವಷ್ಟೂ ತ್ರಾಣವಿರಲಿಲ್ಲ.

“ನಾನು ಮೊದಲು ಕೂಗಿದಾಗ್ಲೂ ಜನ ನಕ್ಕಿದ್ರು. ನಿನಗೆ ಹೇಳಿರಲಿಲ್ಲ. ಮಾರನೇ ದಿನ ಕಾಲು ನಡುಗ್ತಾನೇ ಹೋದೆ. ಧೈರ್ಯ ಇದ್ದು ಹೋಗ್ಲಿಲ್ಲ ಕಣಯ್ಯಾ, ಹೋಗ್ತಾ ಹೋಗ್ತಾ ಬಂತು. ನಿನ್ನ ಹೊತ್ಕೊಂಡು ನಡೆಯೋಕೆ ನನ್ನ ಕೈಲಾಗಲ್ಲ. ಜೊತೇಲಿ ನಡಿ, ಸಾಕು.”

ಯಲ್ಲಯ್ಯ ಅವಳ ಊದಿದ ಪಾದಗಳನ್ನು ನೋಡುತ್ತಾ ಕೂತ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು, ಕುತ್ತಿಗೆಗೆ ಒಗೆದ ಬಟ್ಟೆ ಕಟ್ಟಿಕೊಂಡು, ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ.

ಹಳೆಯ ದನಿ ಮರಳಲಿಲ್ಲ. ಅವಳು ಕೂಗುತ್ತಾಳೆ, ಅವನು ಗಿರಾಕಿಗಳ ಹತ್ತಿರ ಮಾತಾಡುತ್ತಾನೆ. ಕೆಲವರು ಈಗಲೂ ಮುಖ ತಿರುಗಿಸುತ್ತಾರೆ. ಅವನು ಮುಂದಿನ ಮನೆಗೆ ಹೋಗುತ್ತಾನೆ. ವಾರಿಜಮ್ಮನಿಗೆ ಅರ್ಥವಾಗದಿದ್ದರೆ, “ನಿಧಾನವಾಗಿ ಇನ್ನೊಂದ್ಸಲ ಹೇಳಪ್ಪ,” ಎಂದು ನಿಂತು ಕೇಳುತ್ತಾರೆ.

ಮೊನ್ನೆ ಬಿಸಿಲಲ್ಲಿ ಬರುತ್ತಾ ರುದ್ರಮ್ಮ ಗಾಡಿಗೆ ಒರಗಿದಳು. ಯಲ್ಲಯ್ಯ ನಿಂತು ಗಾಳಿ ನುಂಗಿದ.

“ಕೂತ್ಕೋ. ಸುಸ್ತಾಗಿದ್ದೀಯ. ಆಮೇಲೆ ನಾನ್ ತಳ್ತೀನಿ.”

ಗಟ್ಟಿ ಗಂಟಲಿದ್ದ ಅಷ್ಟು ವರ್ಷದಲ್ಲಿ ಅವನು ಹಾಗೆ ಒಮ್ಮೆಯೂ ಅಂದಿರಲಿಲ್ಲ. ರುದ್ರಮ್ಮ ಮರದ ನೆರಳಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಕಷ್ಟ ಬಂದ ಕೂಡಲೇ ಯಾರೂ ಗಟ್ಟಿಯಾಗುವುದಿಲ್ಲ. ಮೊದಲು ಸುಸ್ತಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಒಬ್ಬರೇ ಗೋಡೆ ನೋಡುತ್ತಾ ಕೂರಬೇಡಿ. ಅದೇ ಕಷ್ಟ ದಾಟಿ ಬಂದವರನ್ನು ಹುಡುಕಿ, ಮಾತಾಡಿಸಿ. ಬೀಡಿ ಸೇದುವವರು ಇವತ್ತೇ ಬಿಡಿ. ದನಿ ಕಟ್ಟಿ ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ನೆಚ್ಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ಈ ಕ್ಯಾನ್ಸರ್ ಅಂಟುಜಾಡ್ಯವಲ್ಲ. ಹೊಸದಾಗಿ ಮಾತು ಕಲಿತವರು ನಿಮ್ಮ ಬಾಗಿಲಿಗೆ ಬಂದರೆ ಅವರ ಮಾತನ್ನು ನೀವು ಮುಗಿಸಬೇಡಿ. ಒಂದು ಗಳಿಗೆ ನಿಂತು, ಪೂರ್ತಿ ಕೇಳಿ.