ಮೈಲಾರೆಪ್ಪ ಕಂಬ ಹತ್ತಿದ್ದು

ಗೋಡೆಗೆ ಒರಗಿಸಿ ಕೂರಿಸಿದಷ್ಟೂ ಮೈಲಾರೆಪ್ಪನ ಹೆಣ ಬಲಕ್ಕೆ ವಾಲುತ್ತಿತ್ತು. ಬೆನ್ನು ಮುರಿದಿತ್ತು. ಕೊನೆಗೆ ತಮ್ಮ ಮಾಲತೇಶ ಅಣ್ಣನ ಎದೆಗೆ ಟವೆಲ್ಲು ಸುತ್ತಿ ಕಿಟಕಿಯ ಸರಳಿಗೆ ಬಿಗಿದ. ನೀಲಾ ಗಂಡನ ಹಣೆಗೆ ಭಂಡಾರದ ಅರಿಸಿನ ಹಚ್ಚಿದಳು.

"ಬ್ಯಾಡಗ್ಯಾಗ ಟಿವಿ ರಿಪೇರಿ ಮಾಡ್ಕೊಂಡು ಚಂದಾಗಿದ್ದ. ಬಿರುಗಾಳ್ಯಾಗ ಕಂಬ ಹತ್ತೂ ಉಸಾಬರಿ ಯಾಕ ಬೇಕಿತ್ತು?" ನೆರೆಮನೆಯ ಸುಶೀಲವ್ವ ಕಣ್ಣೊರೆಸಿಕೊಂಡಳು.

"ಕುಡದಿದ್ನಂತ," ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ನಿನ್ನೆ ಸಂಜೆ ನೀಲಾ ತವರೂರು ಕದರಮಂಡಲಗಿಯಲ್ಲಿದ್ದಳು. ಮಳೆ ನಿಂತ ಮೇಲೆ ಆರೋಗ್ಯ ಉಪಕೇಂದ್ರದ ಹಿಂದೆ ಅವನು ಬಿದ್ದಿದ್ದನ್ನು ದನ ಹುಡುಕಲು ಹೋದವರು ಕಂಡಿದ್ದರಂತೆ.

*

2008ರಲ್ಲಿ, ಈ ಸಾವಿಗೆ ಕೆಲವು ತಿಂಗಳ ಮೊದಲು, ಮೊಬೈಲ್ ಸಿಗ್ನಲ್ ಹತ್ತದ ಮೈಲಾರೆಪ್ಪನ ಊರಿಗೆ ಕಂಪನಿಯೊಂದು ಪ್ರಯೋಗಕ್ಕೆಂದು ಬಂದಿತ್ತು. ಉಪಕೇಂದ್ರದ ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಆಂಟೆನಾ ನೋಡಿಕೊಳ್ಳಲು ಮೈಲಾರೆಪ್ಪನನ್ನು ಇಟ್ಟುಕೊಂಡಿತು. ತಂತಿಯಿಲ್ಲದೆ ಇಂಟರ್ನೆಟ್ಟು, ಪರದೆಯ ಮೇಲೆ ಹಾವೇರಿಯ ಡಾಕ್ಟರು.

"ಟಿವಿಯವರು ಬಳಸದ ಖಾಲಿ ಚಾನೆಲ್ ಹುಡುಕಿ ಈ ರೇಡಿಯೋ ತಾನ ಕುಂದರ್ತೈತಿ. ಅವರು ಬಂದ್ರ ಎದ್ದು ಬ್ಯಾರೆ ಖಾಲಿ ಜಾಗಕ್ಕ ಹೋಗತೈತಿ," ಎಂದು ಅವನು ಹೆಂಡತಿಗೆ ವಿವರಿಸಿದ್ದ.

"ಬಸ್ಸಿನ್ಯಾಗ ರಿಸರ್ವೇಶನ್ ಸೀಟಿನ್ಯಾಗ, ಅವರು ಬರೂತನಕ ಕುಂತಂಗ," ಎಂದಿದ್ದಳು ನೀಲಾ.

ಅವನು ಬಿದ್ದು ಬಿದ್ದು ನಕ್ಕಿದ್ದ. ಮರುದಿನ ಕಂಪನಿಯ ಇಂಜಿನಿಯರ್, ರಾಣೆಬೆನ್ನೂರಿನ ಯುವರಾಜನಿಗೂ ಅದನ್ನೇ ಹೇಳಿ, "ನಮ್ಮಾಕಿ ಹೇಳಿದ್ದು ರೀ ಇದು" ಎಂದು ಬೀಗಿದ್ದನಂತೆ.

*

ಅದೇ ಯುವರಾಜ ಈಗ ತಲೆ ತಗ್ಗಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕಾರ, ಪೊಲೀಸರು ಕೇಳಿದ್ರ, ಕಂಪನಿಯವರು ಹತ್ತಸಲಿಲ್ಲ, ತಾನ ಹತ್ತಿದ ಅಂತ ಹೇಳ್ರಿ. ಇಲ್ಲಾಂದ್ರ ಪ್ರಯೋಗನ ನಿಂತುಬಿಡ್ತೈತಿ."

"ಹೆಣದ ಮುಂದ ಏನ್ ಮಾತಾಡಾಕತ್ತೀಯೋ!" ಮಾಲತೇಶ ಅವನ ಕೊರಳಪಟ್ಟಿಗೆ ಕೈಹಾಕಿದ.

ಅಷ್ಟರಲ್ಲಿ ಬಾಗಿಲಲ್ಲಿ ಉಪಕೇಂದ್ರದ ನರ್ಸ್ ಅರುಣಾ ಕಾಣಿಸಿಕೊಂಡಳು. ಸೀರೆಯ ತುಂಬ ಒಣಗಿದ ರಕ್ತ.

"ನಾನ ಕರಿಸಿದ್ದೆ ಅಕ್ಕಾ," ಎನ್ನುತ್ತ ನೀಲಾಳ ಮುಂದೆ ಕೂತಳು. "ಉಚ್ಚಂಗೆವ್ವನ ಸೊಸಿ ಶಿಲ್ಪಾಗ ಹೆರಿಗಿ ಬ್ಯಾನ್ಯಾಗ ಫಿಟ್ಸ್ ಬಂದ್ವು. ಯಾವ ಸೂಜಿ, ಎಷ್ಟು ಅಂತ ಡಾಕ್ಟರು ಹೇಳಾಕತ್ತಿದ್ರು, ಗಾಳಿಗೆ ಆಂಟೆನಾ ತಿರುಗಿ ಪರದೆ ಕಪ್ಪಾತು. ಅಣ್ಣಾರು ಹತ್ತಿ ತಿರುವಿದ್ರು, ಡಾಕ್ಟರು ಮತ್ತ ಬಂದ್ರು. ಸೂಜಿ ಮಾಡಿ, ಆಕೀನ್ನ ಜೀಪಿನ್ಯಾಗ ಹಾಕ್ಕೊಂಡು ಹಾವೇರಿಗೆ ಓಡಿದೆ. ಅಣ್ಣಾರು ಇಳದಾರ ಅಂತನ ತಿಳಕೊಂಡಿದ್ದೆ..."

"ಶಿಲ್ಪಾ?" ನೀಲಾ ಕೇಳಿದಳು.

"ಉಳದಾಳ."

"ಕೂಸು?"

ಅರುಣಾ ಬಾಯಿಗೆ ಸೆರಗು ಒತ್ತಿಕೊಂಡಳು.

ನೀಲಾ ಯುವರಾಜನ ಕಡೆ ತಿರುಗಿದಳು. "ತಾನ ಹತ್ತಿದ ಅಂತ ಹೇಳ್ತೀನ್ರಿ. ಯಾಕ ಹತ್ತಿದ ಅನ್ನೂದನ್ನೂ ಹೇಳ್ತೀನಿ. ಯಾರ ಕಂಬ ಅನ್ನೂದನ್ನೂ."

*

ಮೈಲಾರೆಪ್ಪನನ್ನು ಮಣ್ಣು ಮಾಡಲು ತೋಡಿದ ಕುಣಿಯೊಳಗೆ ಕೂರಿಸಿದ್ದರು. ಜನರಿಂದ ದೂರ, ಜಾಲಿಗಿಡದ ಬಳಿ ಉಚ್ಚಂಗೆವ್ವ ಬಿಳಿ ಬಟ್ಟೆಯ ಗಂಟನ್ನು ಎದೆಗವಚಿ ನಿಂತಿದ್ದಳು.

"ಮೊಮ್ಮಗ," ಎಂದಳು, ನೀಲಾ ಹತ್ತಿರ ಬಂದಾಗ. "ಇಷ್ಟ ಸಣ್ಣದನ್ನ ಒಬ್ಬಂಟಿ ಎಲ್ಲಿ ಇಡ್ಲೆವ್ವಾ?"

"ಹಂಗೆಲ್ಲ ಕೂಡಿಸಿ ಇಡೂ ಪದ್ಧತಿ ಇಲ್ಲ," ಹಿರಿಯರೊಬ್ಬರು ಗೊಣಗಿದರು.

ನೀಲಾ ಗಂಟನ್ನು ಇಸಿದುಕೊಂಡಳು. ಅದು ಅಷ್ಟು ಹಗುರವಿರುತ್ತದೆಂದು ಅವಳು ಎಣಿಸಿರಲಿಲ್ಲ. ಕುಣಿಗಿಳಿದು ಗಂಡನ ತೊಡೆಯ ಮೇಲಿಟ್ಟಳು. ಅದು ಜಾರತೊಡಗಿತು. ಹಿಡಿಸಲು ನೋಡಿದರೆ ಅವನ ಸೆಟೆದ ಕೈಗಳು ಬಾಗಲಿಲ್ಲ. ಗಂಟು ಜಾರದಂತೆ ತನ್ನೆರಡೂ ಅಂಗೈಗಳನ್ನು ಅಡ್ಡ ಹಿಡಿದು ಅಲ್ಲೇ ಕೂತಳು.

"ಅತ್ತಿಗಿ, ಮ್ಯಾಲೆ ಬಾ," ಮಾಲತೇಶ ಕರೆದ.

ಅವಳು ಕದಲಲಿಲ್ಲ. ಅಂಚಿನಿಂದ ಸಡಿಲವಾದ ಮಣ್ಣು ಅವಳ ಮುಂಗೈ ಮೇಲೆ ಉದುರಿತು.