ಚೀಟಿ ಇಟ್ಟ ಪುಸ್ತಕ ಮಾರುವುದಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಕಥೆಗಾರನಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ಹಳೇ ಪುಸ್ತಕದಂಗಡಿಯ ಕಿಟಕಿ ಪಕ್ಕ ಕೂತು ಮೂರು ಆರಂಭಗಳನ್ನು ಬರೆದು, ಮೂರನ್ನೂ ಹೊಡೆದುಹಾಕಿದ್ದಾನೆ. ಸಂಜೆ ಐದಕ್ಕೆ ಅಂಗಡಿಯ ಮಹಡಿಯಲ್ಲಿರುವ ನಲವತ್ತು ಕುರ್ಚಿಗಳ ಹಾಲ್‌ನಲ್ಲಿ ಇದನ್ನು ಓದಬೇಕು. ಓದುವ ನೆಪದಲ್ಲಿ ಅಂಗಡಿಯ ಒಡತಿ ಅಕ್ಕನಿಗೆ ಥ್ಯಾಂಕ್ಸ್ ಹೇಳಬೇಕು, ಒಂದು ಹಳೇ ತಪ್ಪನ್ನೂ ಒಪ್ಪಿಕೊಳ್ಳಬೇಕು. (ತಪ್ಪು ಯಾವುದೆಂದು ಈಗಲೇ ಹೇಳಿದರೆ ನೀವು ಎದ್ದು ಹೋಗುತ್ತೀರೇನೋ ಎಂಬ ಅಳುಕು ಅವನಿಗೆ. ಹೋಗಬೇಡಿ, ಚಿಕ್ಕ ಕಥೆ.)

೨

ಮೊದಲ ಡ್ರಾಫ್ಟ್‌ನಲ್ಲಿ ಅಂಗಡಿ ಮುಚ್ಚುತ್ತಿತ್ತು. ಕಥೆಗಳಲ್ಲಿ ಪುಸ್ತಕದಂಗಡಿ ಮುಚ್ಚಲೇಬೇಕು, ಇಲ್ಲದಿದ್ದರೆ ಓದುಗರ ಕಣ್ಣು ಒದ್ದೆಯಾಗುವುದಿಲ್ಲ. ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ ಓದಿದರು.

"ಬೀಗದ ಕೈ ನನ್ನ ಹತ್ರ ಇದೆ, ಬಾಗಿಲು ಹಾಕೋನು ನೀನಾ?"

ಎರಡನೆಯದರಲ್ಲಿ ಅಂಗಡಿಯನ್ನು ಉಳಿಸಿ ಅಕ್ಕನನ್ನು ಸಾಯಿಸಿದ. ಅದನ್ನೋದಿ ಅಕ್ಕ, ಅವನಿಗೆಂದು ತಂದಿದ್ದ ಕಾಫಿಯನ್ನು ತಾವೇ ಕುಡಿದು ಹೋದರು.

೩

(ಮೂರನೆಯದು ಹವಾಮಾನದಿಂದ ಶುರುವಾಗಿತ್ತು. ಅದರ ಮಾತು ಬೇಡ.)

೪

ಸರಿ, ಸುತ್ತಿ ಬಳಸುವುದು ಸಾಕು. ಈ ಅಂಗಡಿಯಲ್ಲಿ ಕೊಳ್ಳದೆಯೂ ಕೂತು ಓದಬಹುದು. ಎದ್ದು ಹೋಗುವಾಗ ನಿಲ್ಲಿಸಿದ ಪುಟದಲ್ಲಿ ಒಂದು ಹಳದಿ ಚೀಟಿ ಇಡಬೇಕು, ಅಷ್ಟೇ. ಚೀಟಿ ಇಟ್ಟ ಪುಸ್ತಕವನ್ನು ಅಕ್ಕ ಯಾರಿಗೂ ಮಾರುವುದಿಲ್ಲ. ಯಾರೋ ಓದುತ್ತಿದ್ದಾರೆ ಎಂದು ಹೇಳಿ ಗಿರಾಕಿಯ ಕೈಯಿಂದ ಮೆಲ್ಲಗೆ ವಾಪಸ್ ಪಡೆಯುತ್ತಾರೆ.

ಹತ್ತು ವರ್ಷದ ಹಿಂದೆ ಕೆಲಸ ಕಳೆದುಕೊಂಡ ಕಥೆಗಾರ, ಮನೆಯಲ್ಲಿ ಅಣ್ಣ ಅತ್ತಿಗೆಗೆ ಮುಖ ತೋರಿಸಲಾಗದೆ ದಿನವಿಡೀ ಇಲ್ಲೇ ಇರುತ್ತಿದ್ದ. ಒಂದು ದಪ್ಪ ಕಾದಂಬರಿ ಓದಿ ಮುಗಿಸಿದ. ಮುಗಿದ ಮೇಲೆ ಚೀಟಿ ತೆಗೆಯಬೇಕಲ್ಲ? ತೆಗೆಯಲಿಲ್ಲ. ನಾಳೆಯೂ ಇಲ್ಲಿಗೆ ಬರಲು ಒಂದು ಕಾರಣ ಬೇಕಿತ್ತು. ಕೊನೆಯ ಪುಟದ ಚೀಟಿಯನ್ನು ನಲವತ್ತನೆಯ ಪುಟಕ್ಕೆ ಸರಿಸಿ, ಅದೇ ಪುಸ್ತಕವನ್ನು ಹನ್ನೊಂದು ತಿಂಗಳು 'ಓದಿದ'. ಅದನ್ನೇ ಹುಡುಕಿಕೊಂಡು ಒಬ್ಬ ರಿಟೈರ್ಡ್ ಮೇಷ್ಟ್ರು ಬರುತ್ತಿದ್ದರು. ನಾಲ್ಕು ಸಲ ಬಂದು ನಾಲ್ಕು ಸಲವೂ ಬರಿಗೈಯಲ್ಲಿ ಹೋದರು. ಕಥೆಗಾರ ತಲೆಯೆತ್ತದೆ ಪುಟ ಮಗುಚುತ್ತಿದ್ದ. ಇದೇ ಆ ತಪ್ಪು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

೫

ಕೊನೆ ಅ: ಒಪ್ಪಿಕೊಳ್ಳುತ್ತಾನೆ, ಅಕ್ಕ ಕ್ಷಮಿಸುತ್ತಾರೆ, ಹಾಲ್‌ನಲ್ಲಿ ಚಪ್ಪಾಳೆ. (ಸ್ಪರ್ಧೆಗೆ ಕಳಿಸಿದ ಹಾಗಿದೆ.)

ಕೊನೆ ಆ: ಒಪ್ಪಿಕೊಳ್ಳುವುದಿಲ್ಲ. (ಇದು ಹತ್ತು ವರ್ಷದಿಂದ ನಡೆದೇ ಇದೆ.)

೬

ಯಾವ ಕೊನೆಯೂ ಒಗ್ಗದೆ, ನಾಲ್ಕನೆಯ ಭಾಗದ ಹಾಳೆಯನ್ನೇ ಅಕ್ಕನ ಕೈಗಿಟ್ಟು ಕಿಟಕಿಯತ್ತ ತಿರುಗಿ ನಿಂತ. ಅಕ್ಕ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ತಮಗೆ ಇದು ಆಗಲೇ ಗೊತ್ತಿತ್ತು, ಪುಸ್ತಕ ಮುಗಿಸಿದವರ ಮುಖ ತಾವು ದಿನಾ ನೋಡುವುದೇ, ಎಂದರು.

"ಮತ್ತೆ ಮೇಷ್ಟ್ರು?" ಎಂದ.

"ಮೊದಲ್ನೇ ಸಲಾನೇ ಅವರಿಗೆ ಹೇಳಿದ್ದೆ. ಪಾಪ, ಕೆಲಸ ಹೋಗಿದೆ, ಕೂರೋಕೆ ಒಂದು ಜಾಗ ಬೇಕು ಅವನಿಗೆ ಅಂತ. ಆಮೇಲೆ ಮೂರು ಸಲ ಬಂದ್ರಲ್ಲ, ಅದು ಪುಸ್ತಕಕ್ಕಲ್ಲ ಕಣೋ. ನೀನಿನ್ನೂ ಬರ್ತಾ ಇದ್ದೀಯಾ ಅಂತ ನೋಡ್ಕೊಂಡು ಹೋಗೋಕೆ."

ಕಥೆಗಾರ ಕಿಟಕಿಯಿಂದ ಇತ್ತ ತಿರುಗಿದ. ಕೂರಲು ಕೊಟ್ಟ ಒಂದು ಕುರ್ಚಿಯ ಋಣ ಎಂದಷ್ಟೇ ಬರೆಯಹೊರಟಿದ್ದ. ತನ್ನನ್ನು ಇಬ್ಬರು ಕಾಯ್ದಿದ್ದರು. ಅಕ್ಕಾ, ನೀವಿಲ್ಲದಿದ್ದರೆ ಆ ವರ್ಷ ನಾನು ಉಳಿಯುತ್ತಿರಲಿಲ್ಲ ಎಂದು ಹೇಗೋ ಹೇಳಿದ. ಅಕ್ಕ ಅವನ ಬೆನ್ನಿಗೊಂದು ಗುದ್ದಿ, ಮೇಷ್ಟ್ರು ಆಗಲೇ ಬಂದು ಮೇಲೆ ಕೂತಿದ್ದಾರೆ, ಕಿವಿ ಮಂದ, ಜೋರಾಗಿ ಓದು ಎಂದರು.

"ಕೊನೆ ಇನ್ನೂ ಬರೆದಿಲ್ಲ ಅಕ್ಕಾ."

"ಬೇಡ ಬಿಡು. ನಮ್ದೇನು ಮುಗೀತಾ?"

೭

ಮೇಷ್ಟ್ರು ಕೇಳಿ ಏನೆಂದರು ಎಂದು ನೀವು ಕೇಳುತ್ತೀರಿ. ಕಥೆಗಾರನನ್ನು ಕೇಳಿ ಪ್ರಯೋಜನವಿಲ್ಲ. ಅವನಿನ್ನೂ ಅರ್ಧ ಮೆಟ್ಟಿಲಲ್ಲಿ ನಿಂತು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಮೇಲ್ಗಡೆ ಅರ್ಪಣೆಯಾಗಿ 'ಅಕ್ಕನಿಗೆ' ಎಂದು ಬರೆದಿದ್ದರ ಪಕ್ಕ 'ಮತ್ತು ಮೇಷ್ಟ್ರಿಗೆ' ಎಂದು ಸೇರಿಸುತ್ತಿದ್ದಾನೆ