ನಿದ್ದೆಯಲ್ಲಿ ಸಾಗಿದ ದಾರಿ

ಆ ಓಣಿಯಲ್ಲಿ ಹೆಣ್ಣುಮಕ್ಕಳನ್ನು ಮಲಗಿಸಲು ಹೇಳುತ್ತಿದ್ದ ಕಥೆ ಒಂದೇ. ಒಬ್ಬ ಹುಡುಗಿ ಇದ್ದಳಂತೆ. ಅವಳಿಗೆ ಒಂಬತ್ತು ತುಂಬಿತಂತೆ. ದೊಡ್ಡತ್ತೆ ಬಂದು ಲೋಟದ ತುಂಬ ಸಿಹಿ ಹಾಲು ಕೊಟ್ಟಳಂತೆ. ಬಸ್ಸಿನಲ್ಲಿ ಹುಡುಗಿಗೆ ಸುಖನಿದ್ದೆ. ಕಣ್ಣು ಬಿಟ್ಟು ನೋಡಿದರೆ ಫಳಫಳ ಹೊಳೆಯುವ ನೆಲದ ದೊಡ್ಡ ಮನೆ! ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೇನಾಯ್ತು ಅಂತ ಯಾವ ತಾಯಿಯೂ ಹೇಳುತ್ತಿರಲಿಲ್ಲ.

ಮಿಣುಕಿಯ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ಸೇರಿದ್ದಳು. ಎಷ್ಟು ದುಡಿದರೂ ಮನೆಯಲ್ಲಿ ದಿನಕ್ಕೊಂದು ಹೊತ್ತು ಒಲೆ ಹೊತ್ತಿದರೆ ದೊಡ್ಡದು. ಆ ಕೋಣೆಯಲ್ಲಿ ಸದಾ ಬೆಚ್ಚನೆ ಹಬೆ. ಎದುರಿಗಿರುವವರ ಮುಖವೂ ಮಸುಕು ಮಸುಕು. ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಹಿಂದೆ ಸರಿದು ಜಗ್ಗಬೇಕು, ಮುಂದೆ ಬಂದು ತುದಿಗೆ ತುದಿ ಸೇರಿಸಬೇಕು. ಅವಳ ಜೊತೆ ಮಡಚುತ್ತಿದ್ದವಳು ಗುಂಗುರಕ್ಕ. ಕೂದಲಷ್ಟೇ ಗುಂಗುರು, ಮಾತು ಮಾತ್ರ ನೆಟ್ಟಗೆ. ಮಹಿಳಾ ಸಂಘದಲ್ಲಿ ಮಕ್ಕಳ ರಕ್ಷಣೆಯ ತರಬೇತಿಗೂ ಹೋಗಿ ಬಂದಿದ್ದಳು.

ಒಂದು ದಿನ ತುದಿಗಳು ಸೇರಿದಾಗ ಮಿಣುಕಿಯ ಅಮ್ಮ ಮೆಲ್ಲಗೆ ಅಂದಳು. "ಅಕ್ಕಾ, ಭಾನುವಾರ ನಮ್ಮ ಮಿಣುಕಿ ದೊಡ್ಡತ್ತೆ ಜೊತೆ ಹೊರಡ್ತಾಳೆ." ಓಣಿಯ ಹುಡುಗಿಯರನ್ನು ದೂರದ ಮನೆಗಳಿಗೆ ಕರೆದೊಯ್ಯುವ ಹೆಂಗಸು ಯಾರೇ ಆಗಲಿ, ಅಲ್ಲಿ ಅವಳನ್ನು ದೊಡ್ಡತ್ತೆ ಅಂತಲೇ ಕರೆಯುತ್ತಿದ್ದರು.

ಯಾವ ಊರಿಗೆ, ಯಾರ ಮನೆಗೆ ಅಂತ ಗುಂಗುರಕ್ಕ ಕೇಳಿದಳು. ಇವಳಿಗೆ ಅದೊಂದೂ ಗೊತ್ತಿರಲಿಲ್ಲ. ಹೊಟ್ಟೆ ತುಂಬ ಊಟವಂತೆ, ಶಾಲೆಗೂ ಕಳಿಸುತ್ತಾರಂತೆ ಅಂದಳು. ನಿನ್ನನ್ನು ಶಾಲೆಗೆ ಕಳಿಸಿದ್ದರೇ ಅಂತ ಮರುಪ್ರಶ್ನೆ ಬಂತು. ಇವಳಿಗೆ ರೇಗಿಹೋಯಿತು.

"ನಮ್ಮಮ್ಮ ಹೋಗಿದ್ದಳು, ನಾನೂ ಹೋಗಿದ್ದೆ. ಸತ್ತುಹೋದೆವಾ? ನಮ್ಮ ಹಣೆಯಲ್ಲಿ ಬರೆದಿದ್ದೇ ಅಷ್ಟು ಬಿಡಕ್ಕ."

ಗುಂಗುರಕ್ಕ ಜಗಳಕ್ಕೆ ನಿಲ್ಲಲಿಲ್ಲ. ಇನ್ನೊಂದು ಬೆಡ್‌ಶೀಟ್ ಎತ್ತಿಕೊಂಡಳು. ಅದು ಗಾಳಿ ತುಂಬಿ ಇಬ್ಬರ ನಡುವೆ ಉಬ್ಬಿತು, ನಿಧಾನಕ್ಕೆ ಇಳಿಯಿತು. ಆಮೇಲೆ ಸುಮ್ಮನೆ ಕೇಳಿದಳು. "ಹೋಗುವಾಗ ದಾರಿಯಲ್ಲಿ ಏನೇನು ನೋಡಿದೆ?"

"ಏನೂ ಇಲ್ಲ. ನಿದ್ದೆ ಬಂದಿತ್ತಲ್ಲ."

"ನಿಮ್ಮಮ್ಮ?"

"ಅವಳಿಗೂ ನಿದ್ದೆ."

"ಹಿಂದಿನ ತಿಂಗಳು ಮಿಣುಕಿ ಬಸ್ಸು ಹತ್ತಿದ್ದಳಲ್ಲ, ನಿದ್ದೆ ಮಾಡಿದಳಾ?"

ಎಲ್ಲಿಯ ನಿದ್ದೆ! ಕಿಟಕಿಗೆ ಮೂಗು ಒತ್ತಿಕೊಂಡು, ಅದೇನು, ಇದೇನು ಅಂತ ಇಡೀ ಬಸ್ಸಿನ ತಲೆ ತಿಂದಿದ್ದಳು. ಅಮ್ಮನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ತುದಿ ಜಾರಿ ಒದ್ದೆ ನೆಲಕ್ಕೆ ಬಿತ್ತು.

"ಅಕ್ಕಾ... ಆ ಹಾಲಲ್ಲಿ..."

"ಹೌದು ಕಣೇ. ಅದು ಬಂದ ನಿದ್ದೆ ಅಲ್ಲ, ಬರಿಸಿದ ನಿದ್ದೆ. ದಾರಿ ಗೊತ್ತಾದರೆ ಮಗು ಮನೆಗೆ ವಾಪಸ್ ಬಂದುಬಿಡುತ್ತಲ್ಲ, ಅದಕ್ಕೆ."

ಹಬೆಯೊಳಗೆ ನಿಂತ ಅವಳಿಗೆ ಕಥೆಯ ಉಳಿದ ಭಾಗವೆಲ್ಲ ಕಣ್ಣಿಗೆ ಕಟ್ಟಿತು. ಮೆಟ್ಟಿಲ ಕೆಳಗೆ ಮುದುರಿ ಮಲಗಿ ಕಳೆದ ಏಳು ವರ್ಷ. ಹೊಳೆಯುವ ನೆಲವನ್ನು ದಿನಕ್ಕೆ ಮೂರು ಸಲ ಒರೆಸಿದ್ದು. ಅಮ್ಮಾ ಅಂದಿದ್ದಕ್ಕೂ ಬಿದ್ದ ಏಟು. ಕೊನೆಗೆ ಜ್ವರ ಇಳಿಯಲೇ ಇಲ್ಲ ಅಂತ ಆ ಮನೆಯವರೇ ತಂದು ಊರಿಗೆ ಎಸೆದುಹೋಗಿದ್ದರು. ಅದನ್ನೆಲ್ಲ ಹೇಳಲಾರದೆ ಮಗಳಿಗೆ ಬರೀ ಸಿಹಿ ಹಾಲಿನ ಕಥೆ ಹೇಳಿದ್ದಳು. ತನ್ನ ಅಮ್ಮನೂ ಹಾಗೇ ಮಾಡಿದ್ದಳು.

ಊಟದ ಹೊತ್ತಿಗೆ ಇಬ್ಬರೂ ಮಕ್ಕಳ ರಕ್ಷಣಾ ಕಚೇರಿಗೆ ನಡೆದರು. ಅಲ್ಲಿದ್ದ ಕನ್ನಡಕದ ಮೇಡಂ ಎಲ್ಲ ಕೇಳಿಸಿಕೊಂಡರು. ಪುಸಲಾಯಿಸಿ ಮಗುವನ್ನು ದುಡಿಮೆಗೆ ಒಯ್ಯುವುದು ಮಕ್ಕಳ ಸಾಗಾಟ, ದೊಡ್ಡ ಅಪರಾಧ ಅಂದರು. ಮಿಣುಕಿಗೆ ಶಾಲೆ, ಮಧ್ಯಾಹ್ನದ ಊಟ, ತಾಯಿಗೆ ವಿಧವಾ ವೇತನ, ಎಲ್ಲದಕ್ಕೂ ಅವತ್ತೇ ಅರ್ಜಿ ಬರೆಸಿದರು.

ಭಾನುವಾರ ದೊಡ್ಡತ್ತೆ ಮುಖದ ತುಂಬ ನಗು ಹೊತ್ತು ಬಂದಳು. ಬಾಗಿಲ ಹಿಂದೆ ಪೊಲೀಸರಿದ್ದರು. ಅವಳು ಬಾಯಿಬಿಟ್ಟ ವಿಳಾಸಗಳಿಂದ ಓಣಿಯ ನಾಲ್ಕು ಹುಡುಗಿಯರು ಮನೆಗೆ ಮರಳಿದರು. ಮಿಣುಕಿ ಮಾತ್ರ ಬಸ್ಸು ತಪ್ಪಿತು ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮಾರನೆಯ ವಾರ ಹೇಳಿಕೆ ಕೊಡಲು ಅಮ್ಮ ಕಚೇರಿಗೆ ಹೋದಳು. ಮಗಳ ವಿಷಯ ಬರೆದು ಮುಗಿಸಿದ ಮೇಡಂ ಹೊಸ ಹಾಳೆ ತೆಗೆದರು. "ಈಗ ನಿಮ್ಮದು ಹೇಳಿ ಅಮ್ಮಾ."

"ನನ್ನದೇನಿದೆ ಮೇಡಂ? ಎಲ್ಲ ಮುಗಿದುಹೋಗಿದ್ದು."

"ನೀವೂ ಆಗ ಮಗುವೇ ಅಲ್ವಾ? ಎಷ್ಟು ವಯಸ್ಸಾಗಿತ್ತು ನಿಮಗೆ?"

ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಒಂಬತ್ತು," ಅಂದಳು. ಅಂದವಳೇ ಮೇಜಿಗೆ ತಲೆಯಿಟ್ಟು, ಒಂಬತ್ತು ವರ್ಷದವಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಬಾಗಿಲಿಗೂ ಹೀಗೆ ಯಾರಾದರೂ ನಗುತ್ತಾ ಬಂದಾರು. ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ನಾವೂ ಬಂದು ನೋಡುತ್ತೇವೆ ಅನ್ನಿ. ಮಾತು ಹಾರಿಸಿದರೆ ತಡಮಾಡಬೇಡಿ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ಪೊಲೀಸರಿಗೆ ಹೇಳಿ, ಶಾಲೆಯ ಮೇಷ್ಟ್ರಿಗಾದರೂ ಹೇಳಿ. ನಿಮ್ಮನ್ನೇ ಹಾಗೆ ಒಯ್ದಿದ್ದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ಹಣೆಬರಹವೂ ಅಲ್ಲ. ಮಕ್ಕಳ ರಕ್ಷಣಾ ಕಚೇರಿಗೆ ಬಂದು ನಮಗೆ ಹೇಳಿ. ಇವತ್ತಿನವರೆಗೆ ಯಾರೂ ಕೇಳಿರದಿದ್ದರೆ ನಾವು ಕೇಳುತ್ತಿದ್ದೇವೆ: ಆಗ ನಿಮಗೆ ಎಷ್ಟು ವಯಸ್ಸಾಗಿತ್ತು?